ಚಳಿಗೊಂದು ದೋಷ, ಬಿಸಿಲಿಗೊಂದು ದೋಷ: ದಾಲ್‌ಮಿಲ್‌ನಲ್ಲಿ ಎಣ್ಣೆ ಮತ್ತು ಗಾಳಿಯ ಹರಿವು ಕೆಟ್ಟಾಗ

ಹೊಸ ತೊಗರಿ ಗಂಜ್‌ಗೆ, ಎಂದರೆ ಧಾನ್ಯದ ಸಗಟು ಮಾರುಕಟ್ಟೆಗೆ, ಬರತೊಡಗಿತೆಂದರೆ ಕಲಬುರಗಿಯ ದಾಲ್‌ಮಿಲ್‌ಗಳಲ್ಲಿ ಫಿಟ್ಟರ್‌ಗಳಿಗೆ ಬಿಡುವಿರುವುದಿಲ್ಲ. ಕಪನೂರು, ನಂದೂರು ಕೈಗಾರಿಕಾ ಪ್ರದೇಶಗಳಲ್ಲಿ ಎಳ್ಳಮಾವಾಸ್ಯೆಯ ಆಚೀಚೆಗೆ ಕೇಳಿಬರುವ ದೂರುಗಳು ಹೆಚ್ಚೂಕಡಿಮೆ ಇವೇ: ಒಂದೇ ಲಾಟಿನ ತೊಗರಿ, ಒಂದೇ ರೋಲರ್, ಆದರೆ ಕೆಲವು ಚೀಲ ಸಲೀಸಾಗಿ ಸಿಪ್ಪೆ ಬಿಡುತ್ತವೆ, ಕೆಲವು ಬಿಡುವುದೇ ಇಲ್ಲ. ಟ್ರ್ಯಾಕ್ಟರ್ ಟ್ರಾಲಿ ಬೆಳಿಗ್ಗೆ ಗೊರಗೊರ ಸದ್ದು ಮಾಡುತ್ತದೆಯೇ ಹೊರತು ಮೇಲೇಳುವುದಿಲ್ಲ, ಮಧ್ಯಾಹ್ನ ತಾನಾಗಿಯೇ ಸರಿಹೋಗುತ್ತದೆ. ಇದಕ್ಕೆ ತದ್ವಿರುದ್ಧವೂ ಉಂಟು. ಇನ್ನು ಮೇ ತಿಂಗಳ ಬಿಸಿಲಿನಲ್ಲಿ ಬ್ಲೋವರ್ ಹೊಟ್ಟು ಎಳೆಯುವುದಿಲ್ಲ, ಮೋಟಾರ್ ಮಾತ್ರ ಹಗುರವಾಗಿ ಓಡುತ್ತಿರುತ್ತದೆ.

ಇವೆಲ್ಲ ಬೇರೆ ಬೇರೆ ಯಂತ್ರಗಳ ದೋಷಗಳಂತೆ ಕಾಣುತ್ತವೆ. ಬಹಳಷ್ಟು ಸಲ ಕಾರಣ ಒಂದೇ: ಹರಿಯುವ ವಸ್ತುವಿನ ತಾಪಮಾನ ಬದಲಾಗಿದೆ, ಅದರೊಂದಿಗೆ ಅದರ ಹರಿವೂ ಬದಲಾಗಿದೆ. ಇದನ್ನು ನೋಡದೆ ಪಂಪ್ ಬಿಚ್ಚಿದರೆ ಹಣ ಹೋಗುತ್ತದೆ, ದೋಷ ಉಳಿಯುತ್ತದೆ. ಆದ್ದರಿಂದ ಈ ಕೈಪಿಡಿಯ ಮೊದಲ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ. ದೋಷ ಯಾವ ಹೊತ್ತಿನಲ್ಲಿ ಕಾಣಿಸಿತು, ಆಗ ಎಣ್ಣೆ ಅಥವಾ ಗಾಳಿ ಎಷ್ಟು ಬಿಸಿಯಿತ್ತು ಎಂಬ ಎರಡು ಸಂಗತಿಗಳನ್ನು ಬರೆದುಕೊಳ್ಳುವುದು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಥರ್ಮಾಮೀಟರ್, ಮಿಲಿ ಲೀಟರ್ ಗೆರೆಗಳಿರುವ ಒಂದು ಅಳತೆ ಪಾತ್ರೆ, ಮೊಬೈಲ್‌ನ ಸ್ಟಾಪ್‌ವಾಚ್, ತಂತಿ ಬಿಚ್ಚದೆಯೇ ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್, ಎರಡು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ದೂರದಿಂದಲೇ ಬಿಸಿ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಅನುಕೂಲ. ಆದರೆ ಹೊಳೆಯುವ ಲೋಹದ ಮೇಲೆ ಅದು ಸುಳ್ಳು ಹೇಳುತ್ತದೆ. ಪೈಪಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಒಂದೆರಡು ನಿಮಿಷ ಬಿಟ್ಟು, ಟೇಪಿನ ಮೇಲೆ ಗುರಿ ಇಟ್ಟು ಓದಬೇಕು.

ದ್ರವ ಒಂದು ದಿಕ್ಕು, ಅನಿಲ ಇನ್ನೊಂದು ದಿಕ್ಕು

ಹರಿಯುವ ವಸ್ತು ತನ್ನ ಹರಿವಿಗೆ ತಾನೇ ಒಡ್ಡುವ ಒಳತಡೆಯೇ ಸ್ನಿಗ್ಧತೆ. ದ್ರವದಲ್ಲಿ ಅಣುಗಳು ಒತ್ತೊತ್ತಾಗಿದ್ದು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಬಿಸಿಯಾದಂತೆ ಹಿಡಿತ ಸಡಿಲಗೊಳ್ಳುತ್ತದೆ, ದ್ರವ ತೆಳುವಾಗುತ್ತದೆ. ನೀರಿನಂಥ ನೀರೂ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ಡಿಗ್ರಿಯಲ್ಲಿರುವುದರ ಎರಡರಷ್ಟು ಸ್ನಿಗ್ಧವಾಗಿರುತ್ತದೆ. ಎಣ್ಣೆಗಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಔಡಲ ಎಣ್ಣೆಯನ್ನೇ ತೆಗೆದುಕೊಳ್ಳಿ: 20ರಿಂದ 40 ಡಿಗ್ರಿಗೆ ಏರಿದರೆ ಅದರ ಸ್ನಿಗ್ಧತೆ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಗಾಳಿಯಲ್ಲಿ ಅಣುಗಳು ದೂರ ದೂರ ಇರುತ್ತವೆ, ಹಿಡಿತವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ತಡೆ ಹುಟ್ಟುವುದು ಅಣುಗಳು ಒಂದು ಪದರದಿಂದ ಇನ್ನೊಂದಕ್ಕೆ ನುಗ್ಗಿ ತಮ್ಮ ವೇಗವನ್ನು ಹಂಚುವುದರಿಂದ. ಬಿಸಿಯಾದಷ್ಟೂ ನುಗ್ಗಾಟ ಹೆಚ್ಚು, ಆದ್ದರಿಂದ ಸ್ನಿಗ್ಧತೆಯೂ ಹೆಚ್ಚು. ಇದನ್ನು 1860ರಲ್ಲಿ ಲೆಕ್ಕ ಹಾಕಿ ಹೇಳಿದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಅನಿಲದ ಸ್ನಿಗ್ಧತೆ ಒತ್ತಡವನ್ನು ಅವಲಂಬಿಸುವುದಿಲ್ಲ ಎಂಬ, ಆಗ ಯಾರೂ ಸುಲಭವಾಗಿ ನಂಬದ ಮಾತನ್ನೂ ಅವನು ಹೇಳಿದ. ಆಮೇಲೆ ಲಂಡನ್ನಿನ ಮನೆಯಲ್ಲಿ ಹೆಂಡತಿ ಕ್ಯಾಥರೀನ್ ಜೊತೆಗೂಡಿ ಬೆಂಕಿ ಹಾಕಿ ಕೋಣೆ ಕಾಯಿಸಿ ಅದನ್ನು ಅಳೆದೂ ತೋರಿಸಿದ. ನಮಗೆ ಆ ಶ್ರಮವಿಲ್ಲ, ಏಪ್ರಿಲ್ ಬಂದರೆ ಕೋಣೆ ತಾನಾಗಿಯೇ ಕಾಯುತ್ತದೆ.

ಆದರೆ ಗಾಳಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. 12ರಿಂದ 42 ಡಿಗ್ರಿಗೆ ಹೋದಾಗ ಗಾಳಿಯ ಸ್ನಿಗ್ಧತೆ ಏರುವುದು ಸುಮಾರು ಶೇ 8ರಷ್ಟು ಮಾತ್ರ. ಅದೇ ಹೊತ್ತಿಗೆ ಅದರ ಸಾಂದ್ರತೆ, ಎಂದರೆ ಒಂದು ಘನ ಮೀಟರ್‌ನಲ್ಲಿರುವ ತೂಕ, ಸುಮಾರು ಶೇ 10ರಷ್ಟು ಇಳಿಯುತ್ತದೆ. ದೊಡ್ಡ ಡಕ್ಟ್‌ನಲ್ಲಿ, ಎಂದರೆ ಗಾಳಿ ಸಾಗುವ ತಗಡಿನ ಕೊಳವೆಯಲ್ಲಿ, ಗಾಳಿ ಸುಳಿಸುಳಿಯಾಗಿ ರಭಸದಿಂದ ಓಡುವಾಗ ಲೆಕ್ಕಕ್ಕೆ ಬರುವುದು ಸಾಂದ್ರತೆಯೇ, ಸ್ನಿಗ್ಧತೆಯಲ್ಲ. ಫಿಲ್ಟರ್ ಬಟ್ಟೆಯ ಸಣ್ಣ ರಂಧ್ರಗಳಲ್ಲಿ ನಿಧಾನವಾಗಿ ನುಸುಳುವಾಗ ಸ್ನಿಗ್ಧತೆಯ ಮಾತು ನಡೆಯುತ್ತದೆ. ಇವೆರಡನ್ನೂ ಕಲಸಿದರೆ ಬ್ಲೋವರ್‌ನ ದೋಷವನ್ನು ಧೂಳು ಸೋಸುವ ಬ್ಯಾಗ್ ಫಿಲ್ಟರ್‌ನಲ್ಲಿ ಹುಡುಕುವ ಸ್ಥಿತಿ ಬರುತ್ತದೆ.

ಎಣ್ಣೆ ಹಚ್ಚುವ ನಲ್ಲಿ

ಮೊದಲು ಇಲ್ಲಿಂದಲೇ ಆರಂಭಿಸಿ. ಮುಂದೆ ಕಾಣುವ ಅರ್ಧ ದೋಷಗಳ ಬೇರು ಇಲ್ಲಿರುತ್ತದೆ, ಮತ್ತು ಇದನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕು.

ತೊಗರಿಯನ್ನು ರೋಲರ್‌ನಲ್ಲಿ ಒಮ್ಮೆ ಗೀರಿದ ಮೇಲೆ ಸ್ಕ್ರೂ ಕನ್ವೇಯರ್‌ನಲ್ಲಿ ಸಾಗುವಾಗ ಅದರ ಮೇಲೆ ಎಣ್ಣೆ ಬೀಳುತ್ತದೆ. ಸಾಮಾನ್ಯ ವ್ಯವಸ್ಥೆ ಹೀಗಿರುತ್ತದೆ: ಮೇಲೊಂದು ಡಬ್ಬ, ಅದರ ತಳದಿಂದ ಸಣ್ಣ ಕೊಳವೆ, ಕೊನೆಗೊಂದು ನಲ್ಲಿ. ಎಣ್ಣೆ ಗೀರಿನ ಮೂಲಕ ಸಿಪ್ಪೆಯ ಅಡಿಗೆ ಇಳಿದು, ಸಿಪ್ಪೆಯನ್ನೂ ಕಾಳನ್ನೂ ಹಿಡಿದಿಟ್ಟಿರುವ ಅಂಟನ್ನು ಸಡಿಲಿಸಬೇಕು. ಆಮೇಲೆ ತೊಗರಿ ರಾಶಿಯಲ್ಲಿ ನೆನೆಯುತ್ತದೆ, ಒಣಗುತ್ತದೆ, ನೀರು ಸಿಂಪಡಿಸಿಕೊಂಡು ಮತ್ತೆ ರಾಶಿಯಾಗುತ್ತದೆ, ಆಮೇಲೆ ಸಿಪ್ಪೆ ತೆಗೆಯುವ ರೋಲರ್‌ಗೆ ಬರುತ್ತದೆ. ಅಂದರೆ ಇಂದು ರೋಲರ್‌ನಲ್ಲಿ ಕಾಣುವ ತಪ್ಪು ಇಂದಿನದಲ್ಲ, ಕೆಲವು ದಿನಗಳ ಹಿಂದೆ ನಲ್ಲಿಯ ಬಳಿ ನಡೆದದ್ದು. ಇಂದಿನ ಪಾಳಿಯವರನ್ನು ಬೈದು ಪ್ರಯೋಜನವಿಲ್ಲ. ಲಾಟಿನ ಪುಸ್ತಕದಲ್ಲಿ ಎಣ್ಣೆ ಹಚ್ಚಿದ ದಿನ, ಹೊತ್ತು ನೋಡಿ. ಅಂಥ ಪುಸ್ತಕವೇ ಇಲ್ಲದಿದ್ದರೆ ಇವತ್ತೇ ಒಂದು ಇಡಿ. ಅದಿಲ್ಲದೆ ಈ ದೋಷ ಹಿಡಿಯುವುದು ಅದೃಷ್ಟದ ಮಾತು.

ಕುಸುಬೆ, ಸೋಯಾ ಅಥವಾ ಸೂರ್ಯಕಾಂತಿಯಂಥ ತೆಳು ಎಣ್ಣೆಯಾದರೂ 12 ಡಿಗ್ರಿಯ ಮುಂಜಾನೆಯಲ್ಲಿ ಅದರ ಸ್ನಿಗ್ಧತೆ 40 ಡಿಗ್ರಿಯ ಮಧ್ಯಾಹ್ನದ್ದಕ್ಕಿಂತ ಹೆಚ್ಚೂಕಡಿಮೆ ಮೂರು ಪಟ್ಟು. ಉದ್ದನೆಯ ಸಣ್ಣ ಕೊಳವೆಯಲ್ಲಿ ಹರಿವು ಸ್ನಿಗ್ಧತೆಗೆ ವಿಲೋಮ. ಬೆಳಿಗ್ಗೆ ನಿಮಿಷಕ್ಕೆ 100 ಮಿಲಿ ಲೀಟರ್ ಬೀಳುವಂತೆ ತಿರುಗಿಸಿಟ್ಟ ನಲ್ಲಿಯಿಂದ, ಯಾರೂ ಮುಟ್ಟದೆಯೇ, ಮಧ್ಯಾಹ್ನ 300ರ ಹತ್ತಿರ ಬೀಳಬಹುದು. ಚಳಿಗಾಲದಲ್ಲಿ ಹೊರಗೆ ನೆರಳಿನಲ್ಲಿ 30 ಡಿಗ್ರಿ ಇದ್ದರೂ ತಗಡಿನ ಚಾವಣಿಗೆ ತಾಗಿಕೊಂಡಂತಿರುವ ಡಬ್ಬದ ಎಣ್ಣೆ 40 ಮುಟ್ಟುವುದು ಕಷ್ಟವೇನಲ್ಲ. ಬೆಳಿಗ್ಗೆಯ ಚೀಲಕ್ಕೆ ಎಣ್ಣೆ ಸಾಲದು, ಮಧ್ಯಾಹ್ನದ ಚೀಲಕ್ಕೆ ವಿಪರೀತ. ಎರಡೂ ಒಂದೇ ರಾಶಿಗೆ ಬೀಳುತ್ತವೆ. ಒಂದೇ ಲಾಟಿನಲ್ಲಿ ಎರಡು ಬಗೆಯ ಕಾಳು ಕಾಣುವ ಗುಟ್ಟು ಇದು.

ಹರಿವು ತಪ್ಪಲು ಇನ್ನೆರಡು ಕಾರಣಗಳಿವೆ, ಅವನ್ನು ತಾಪಮಾನದಿಂದ ಬೇರ್ಪಡಿಸಬೇಕು. ಒಂದು, ಡಬ್ಬದಲ್ಲಿ ಎಣ್ಣೆಯ ಮಟ್ಟ. ನಲ್ಲಿಯ ಬಾಯಿಂದ ಎಣ್ಣೆಯ ಮೇಲ್ಮಟ್ಟದವರೆಗಿನ ಎತ್ತರ ಅರ್ಧವಾದರೆ ಹರಿವೂ ಅರ್ಧವಾಗುತ್ತದೆ. ಎರಡನೆಯದು ಕಸ. ಇದರ ಲೆಕ್ಕ ಸ್ವಲ್ಪ ಕ್ರೂರವಾದದ್ದು. ಪ್ಯಾರಿಸ್ಸಿನ ವೈದ್ಯ ಪ್ವಾಸ್ಸಾಯ್ ರಕ್ತ ಸಣ್ಣ ನಾಳಗಳಲ್ಲಿ ಹೇಗೆ ಹರಿಯುತ್ತದೆಂದು ತಿಳಿಯಲು 1840ರ ಸುಮಾರಿಗೆ ಗಾಜಿನ ಕೊಳವೆಗಳಲ್ಲಿ ಅಳೆದು ಕಂಡುಕೊಂಡಂತೆ, ಹರಿವು ಕೊಳವೆಯ ವ್ಯಾಸದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. ಒಳಗೋಡೆಗೆ ಜಿಡ್ಡು ಕಟ್ಟಿ ವ್ಯಾಸ ಹತ್ತನೇ ಒಂದು ಭಾಗ ಕಡಿಮೆಯಾದರೆ ಹರಿವು ಮೂರನೇ ಒಂದು ಭಾಗ ಕಳೆದುಕೊಳ್ಳುತ್ತದೆ. ವ್ಯಾಸ ಅರ್ಧವಾದರೆ ಹದಿನಾರನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಕಣ್ಣಿಗೆ ‘ಸ್ವಲ್ಪ ಕಟ್ಟಿದೆ’ ಎನಿಸುವ ಜಿಡ್ಡು ಸ್ವಲ್ಪದ್ದಲ್ಲ.

ಪರೀಕ್ಷೆ ಹೀಗೆ ಮಾಡಿ. ಡಬ್ಬದ ಒಳಗೆ ಒಂದು ಗುರುತು ಹಾಕಿ, ಎಣ್ಣೆಯನ್ನು ಅಲ್ಲಿಯವರೆಗೆ ತುಂಬಿ. ಎಣ್ಣೆಯೊಳಗೆ ಥರ್ಮಾಮೀಟರ್ ಇಳಿಸಿ ಓದಿ. ಡಬ್ಬದ ಹೊರಮೈ ಓದಬೇಡಿ, ಬಿಸಿಲು ಬಿದ್ದ ಕಡೆ ಅದು ಬೇರೆಯೇ ಇರುತ್ತದೆ. ನಲ್ಲಿಯ ಕೆಳಗೆ ಅಳತೆ ಪಾತ್ರೆ ಹಿಡಿದು ಒಂದು ನಿಮಿಷ ಬಿಡಿ. ಬೆಳಿಗ್ಗೆ ಪಾಳಿ ಆರಂಭದಲ್ಲಿ, ಹನ್ನೊಂದಕ್ಕೆ, ಮಧ್ಯಾಹ್ನ ಮೂರಕ್ಕೆ ಇದನ್ನೇ ಮಾಡಿ. ಮಟ್ಟ ಒಂದೇ ಇದ್ದು, ತಾಪಮಾನ ಏರಿದಂತೆ ಹರಿವೂ ಏರಿದರೆ ಯಂತ್ರದಲ್ಲಿ ಕೆಟ್ಟದ್ದೇನೂ ಇಲ್ಲ. ಹೋದ ವಾರದ್ದೇ ಮಟ್ಟ, ಹೋದ ವಾರದ್ದೇ ತಾಪಮಾನ ಇದ್ದು ಹರಿವು ಮಾತ್ರ ಕಡಿಮೆಯಾದರೆ ಕೊಳವೆ ಬಿಚ್ಚಿ ತೊಳೆಯಿರಿ. ಅಗಸೆ ಎಣ್ಣೆ ಬಳಸುವವರು ಇದನ್ನು ಬೇಗ ಬೇಗ ಮಾಡಬೇಕಾಗುತ್ತದೆ, ಅದು ಗಾಳಿ ತಾಗಿದಲ್ಲೆಲ್ಲ ಒಣಗಿ ವಾರ್ನಿಶ್‌ನಂತೆ ಗಟ್ಟಿಯಾಗುವ ಜಾತಿಯ ಎಣ್ಣೆ.

ಪರಿಹಾರದಲ್ಲಿ ಮೂರು ಮೆಟ್ಟಿಲು. ಅಗ್ಗದ್ದು: ಡಬ್ಬವನ್ನು ತಗಡಿನ ಕೆಳಗಿನಿಂದ ಇಳಿಸಿ ನೆರಳಿಗೆ ತನ್ನಿ, ಮತ್ತು ಆ ಮೂರು ಅಳತೆಗಳ ಮೇಲಿಂದ ನಲ್ಲಿಯ ಹಿಡಿಗೆ ಬೆಳಗಿನ ಗುರುತು, ಮಧ್ಯಾಹ್ನದ ಗುರುತು ಎಂದು ಬಣ್ಣ ಹಚ್ಚಿ. ನಡುವಿನದು: ಫ್ಲೋಟ್ ಇರುವ ಸಣ್ಣ ಡಬ್ಬ ಜೋಡಿಸಿ ಮಟ್ಟವನ್ನು ಸ್ಥಿರವಾಗಿಡಿ. ಸರಿಯಾದದ್ದು: ಪ್ರತಿ ಸುತ್ತಿಗೆ ಇಷ್ಟೇ ಎಂದು ಅಳೆದು ಕೊಡುವ ಸಣ್ಣ ಡೋಸಿಂಗ್ ಪಂಪ್ ಹಾಕಿ. ಅದಕ್ಕೆ ಎಣ್ಣೆ ದಪ್ಪವಿರಲಿ ತೆಳುವಿರಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಎಣ್ಣೆಗೇ ಹೀಟರ್ ಹಾಕಿ ಇಡೀ ದಿನ 40 ಡಿಗ್ರಿಯಲ್ಲಿಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಹೊಟ್ಟಿನ ಧೂಳು ಹಾರಾಡುವ ಜಾಗದಲ್ಲಿ ತೆರೆದ ಹೀಟರ್ ನನಗೆ ಒಪ್ಪಿಗೆಯಿಲ್ಲ.

ಎಣ್ಣೆ ಸರಿಯಾಗಿ ಬಿದ್ದೂ ಸಿಪ್ಪೆ ಬಿಡದಿದ್ದರೆ ನಲ್ಲಿಯನ್ನು ಬಿಟ್ಟು ಒಣಗಿಸುವ ಅಂಗಳದ ಕಡೆ ಹೋಗಿ. ಚಳಿಗಾಲದ ಎಳೆಬಿಸಿಲಿನಲ್ಲಿ ತೊಗರಿ ಒಣಗಲು ಹೆಚ್ಚು ಹೊತ್ತು ಬೇಕು, ತಳಿಯಿಂದ ತಳಿಗೆ ಸಿಪ್ಪೆಯ ಬಿಗಿತವೂ ಬೇರೆ. ಅದು ಬೇರೆಯದೇ ಸಮಸ್ಯೆ.

ಟ್ರಾಲಿ ಏಳದಿದ್ದಾಗ

ಮೊದಲು ಜೀವದ ಮಾತು. ಎತ್ತಿದ ಟ್ರಾಲಿಯ ಕೆಳಗೆ ಗಟ್ಟಿ ಊರುಗೋಲು ಕೊಡದೆ ತಲೆ ಹಾಕಬಾರದು. ಟ್ರಾಲಿ ಎತ್ತಲು ಒತ್ತಡದ ಎಣ್ಣೆ ಸಾಗಿಸುವ ಹೈಡ್ರಾಲಿಕ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಅದನ್ನು ಕೈಯಿಂದ ಸವರಿ ಹುಡುಕಬಾರದು. ಒತ್ತಡದಲ್ಲಿರುವ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ಹೊರಗೆ ಚುಕ್ಕೆಯಷ್ಟು ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ, ಎಣ್ಣೆಯ ಗೆರೆ ಅದರ ಮೇಲೆ ಮೂಡುತ್ತದೆ.

ಹೈಡ್ರಾಲಿಕ್ ಎಣ್ಣೆಯ ಡಬ್ಬದ ಮೇಲಿನ 46 ಅಥವಾ 68 ಎಂಬ ಅಂಕಿ 40 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಎಷ್ಟು ಸೆಂಟಿಸ್ಟೋಕ್ ಎಂಬುದನ್ನು ಹೇಳುತ್ತದೆ. ಉಳಿದ ತಾಪಮಾನಗಳಲ್ಲಿ ಆ ಅಂಕಿ ನಿಲ್ಲುವುದಿಲ್ಲ. ಸಾಮಾನ್ಯ 68ರ ಎಣ್ಣೆ 15 ಡಿಗ್ರಿಯಲ್ಲಿ 300ರ ಆಸುಪಾಸಿನಲ್ಲಿರುತ್ತದೆ, 65 ಡಿಗ್ರಿಯಲ್ಲಿ 25ರ ಹತ್ತಿರಕ್ಕೆ ಇಳಿಯುತ್ತದೆ. ಬೀದರಿನ ಡಿಸೆಂಬರ್ ಬೆಳಗು ಕೆಲವೊಮ್ಮೆ 10 ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಅದೇ ಟ್ರ್ಯಾಕ್ಟರ್ ಮೇ ತಿಂಗಳಲ್ಲಿ ಕಲಬುರಗಿಯ 43 ಡಿಗ್ರಿಯಲ್ಲಿ ದಿನವಿಡೀ ದುಡಿದರೆ ಟ್ಯಾಂಕಿನ ಎಣ್ಣೆ 70 ದಾಟಬಹುದು. ಒಂದೇ ಪಂಪ್ ಎರಡು ಬೇರೆ ಬೇರೆ ಎಣ್ಣೆಗಳೊಂದಿಗೆ ಕೆಲಸ ಮಾಡಿದಂತೆಯೇ ಆಯಿತು.

ಬೆಳಿಗ್ಗೆ ನಿಧಾನ, ಬಿಸಿಯಾದ ಮೇಲೆ ಸರಿ ಎಂದರೆ ದೋಷ ಪಂಪಿಗೆ ಎಣ್ಣೆ ಬರುವ ದಾರಿಯಲ್ಲಿದೆ. ದಪ್ಪ ಎಣ್ಣೆ ಸಕ್ಷನ್ ಜಾಲರಿಯನ್ನು ದಾಟಿ ಸಾಕಷ್ಟು ಬೇಗ ಬರುತ್ತಿಲ್ಲ, ಪಂಪ್ ಹಸಿದು ಒಳಗೆ ಗುಳ್ಳೆಗಳೇಳುತ್ತವೆ. ಆ ಗುಳ್ಳೆಗಳು ಒತ್ತಡದ ಕಡೆ ಹೋಗಿ ಒಡೆಯುವಾಗ ಪಂಪಿನೊಳಗೆ ಕಂಕರ್ ಉರುಳಿದಂಥ ಸದ್ದು ಬರುತ್ತದೆ. ಜಾಲರಿ ತೊಳೆಯಿರಿ, ಸಕ್ಷನ್ ಪೈಪ್ ಒಳಗೊಳಗೇ ಚಪ್ಪಟೆಯಾಗಿದೆಯೇ ನೋಡಿ, ಯಾರಾದರೂ ಹೇಳಿದ್ದಕ್ಕಿಂತ ದಪ್ಪ ಗ್ರೇಡಿನ ಎಣ್ಣೆ ಹಾಕಿದ್ದಾರೆಯೇ ವಿಚಾರಿಸಿ. ಚಳಿಯಲ್ಲಿ ಎಂಜಿನ್ ಶುರು ಮಾಡಿದ ಕೂಡಲೇ ರೇಸ್ ಕೊಟ್ಟು ಟ್ರಾಲಿ ಎತ್ತುವ ಚಟ ಪಂಪಿನ ಆಯುಸ್ಸನ್ನು ತಿನ್ನುತ್ತದೆ. ಕೆಲವು ನಿಮಿಷ ನಿಧಾನ ವೇಗದಲ್ಲಿ ಓಡಿಸಿ, ಖಾಲಿ ಟ್ರಾಲಿಯನ್ನು ಒಂದೆರಡು ಸಲ ಎತ್ತಿ ಇಳಿಸಿ, ಆಮೇಲೆ ಹೊರೆ ಎತ್ತಿ.

ಬೆಳಿಗ್ಗೆ ಸರಿ, ಬಿಸಿಯಾದಂತೆ ಸುಸ್ತು ಎಂದರೆ ಎಣ್ಣೆ ಒಳಗೊಳಗೇ ಸೋರಿ ಹಿಂದಕ್ಕೆ ಬರುತ್ತಿದೆ. ಗೇರ್ ಪಂಪಿನ ಹಲ್ಲು ಮತ್ತು ಹೊರಕವಚದ ನಡುವಿನ ಸಂದು ಸವೆದು ಎರಡರಷ್ಟಾದರೆ ಅದರ ಮೂಲಕ ಸೋರುವಿಕೆ ಎಂಟು ಪಟ್ಟಾಗುತ್ತದೆ, ಏಕೆಂದರೆ ಇಲ್ಲಿ ಲೆಕ್ಕ ಸಂದಿನ ಅಗಲದ ಮೂರನೇ ಘಾತದ್ದು. ತಣ್ಣಗಿನ ದಪ್ಪ ಎಣ್ಣೆ ಆ ಸಂದನ್ನು ಮುಚ್ಚಿ ಮರೆಮಾಡುತ್ತದೆ, ಬಿಸಿ ಎಣ್ಣೆ ಅದನ್ನು ಬಯಲಿಗೆಳೆಯುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಪಂಪ್ ಬಿಚ್ಚಬೇಕಿಲ್ಲ. ಎಣ್ಣೆ ಬಿಸಿಯಿರುವಾಗಲೇ ಟ್ರಾಲಿ ಪೂರ್ತಿ ಏಳಲು ಹಿಡಿಯುವ ಹೊತ್ತನ್ನು ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ: ಖಾಲಿ ಮತ್ತು ಹೊರೆಯೊಂದಿಗೆ, ಎಂಜಿನ್ ಕಡಿಮೆ ವೇಗದಲ್ಲಿ ಮತ್ತು ಅದರ ಎರಡರಷ್ಟು ವೇಗದಲ್ಲಿ. ಸೋರಿಕೆ ಒತ್ತಡಕ್ಕೆ ತಕ್ಕಂತೆ ಹೆಚ್ಚುತ್ತದೆ, ಸುತ್ತಿನ ವೇಗ ಏರಿದಷ್ಟು ಏರುವುದಿಲ್ಲ. ಪಂಪ್ ಕಡಿಮೆ ವೇಗದಲ್ಲಿ ನಿಮಿಷಕ್ಕೆ 20 ಲೀಟರ್ ತಳ್ಳಬೇಕು, ಅದರಲ್ಲಿ 8 ಲೀಟರ್ ಸೋರುತ್ತಿದೆ ಎಂದಿಟ್ಟುಕೊಳ್ಳಿ. ಸಿಲಿಂಡರಿಗೆ ಸಿಗುವುದು 12. ವೇಗ ಎರಡರಷ್ಟಾದಾಗ 40ರಲ್ಲಿ 8 ಹೋಗಿ 32 ಸಿಗುತ್ತದೆ. ಏಳುವ ಹೊತ್ತು ಅರ್ಧಕ್ಕಿಂತ ಬಹಳ ಕೆಳಗಿಳಿಯಿತು, ಸೋರಿಕೆ ಸಾಬೀತಾಯಿತು. ವೇಗ ಏರಿಸಿದರೂ ಹೊತ್ತು ಹೆಚ್ಚು ಬದಲಾಗದಿದ್ದರೆ ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಹಿಂದಕ್ಕೆ ಬಿಡುವ ರಿಲೀಫ್ ವಾಲ್ವ್ ಬೇಗ ತೆರೆದುಕೊಳ್ಳುತ್ತಿರಬಹುದು ಅಥವಾ ಸಕ್ಷನ್ ಕಟ್ಟಿರಬಹುದು. ಈ ಎರಡನ್ನು ಖಾಲಿ ಟ್ರಾಲಿ ಬೇರ್ಪಡಿಸುತ್ತದೆ: ಖಾಲಿಯಿದ್ದಾಗಲೂ ನಿಧಾನವಾದರೆ ಸಕ್ಷನ್, ಹೊರೆ ಇದ್ದಾಗ ಮಾತ್ರ ನಿಧಾನವಾದರೆ ವಾಲ್ವ್.

ಸವೆದ ಪಂಪಿಗೆ ದಪ್ಪ ಎಣ್ಣೆ ಹಾಕಿ ಸೀಜನ್ ದಾಟಿಸುವ ಉಪಾಯ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ನಡೆದುಹೋಗುತ್ತದೆ. ಅದೇ ಎಣ್ಣೆ ಚಳಿಗಾಲದವರೆಗೆ ಉಳಿದರೆ ಮೊದಲ ಬಗೆಯ ದೋಷವನ್ನು ಕೈಯಾರೆ ತಂದುಕೊಂಡಂತೆ. ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಬಾಕ್ಸಿಗೂ ಹೈಡ್ರಾಲಿಕ್ಸಿಗೂ ಒಂದೇ ಎಣ್ಣೆ ಎಂಬುದನ್ನೂ ಮರೆಯಬಾರದು. ಕಂಪನಿಯ ಪುಸ್ತಕದಲ್ಲಿ ಬರೆದ ಗ್ರೇಡನ್ನೇ ಹಾಕಿ.

ಎಣ್ಣೆ ಬೆಳ್ಳಗಾಗಿದ್ದರೆ ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು ನಿಲ್ಲಿಸಿ. ಸ್ವಲ್ಪ ಹೊತ್ತಿನಲ್ಲಿ ತಿಳಿಯಾದರೆ ಗಾಳಿ ಸೇರುತ್ತಿದೆ, ಸಕ್ಷನ್ ಕಡೆಯ ಜೋಡಣೆಗಳನ್ನು ಬಿಗಿ ಮಾಡಿ. ರಾತ್ರಿಯಿಡೀ ಇಟ್ಟರೂ ಬಿಳಿ ಹೋಗದಿದ್ದರೆ ನೀರು ಸೇರಿದೆ. ಎತ್ತಿ ನಿಲ್ಲಿಸಿದ ಟ್ರಾಲಿ ತಾನಾಗಿ ಇಳಿಯುತ್ತಿದ್ದರೆ, ಸಿಲಿಂಡರಿನ ಹೊರಗೆ ಎಣ್ಣೆ ಕಾಣದಿದ್ದರೆ, ಕಂಟ್ರೋಲ್ ವಾಲ್ವ್ ನೋಡಿ. ಇದಕ್ಕೆ ಪಂಪಿನ ಸಂಬಂಧವಿಲ್ಲ.

ಬ್ಲೋವರ್ ಹೊಟ್ಟು ಎಳೆಯದಿದ್ದಾಗ

ಒಂದೇ ವೇಗದಲ್ಲಿ ತಿರುಗುವ ಫ್ಯಾನ್ ಬಿಸಿಲಿರಲಿ ಚಳಿಯಿರಲಿ ಒಂದೇ ಗಾತ್ರದ ಗಾಳಿಯನ್ನು ತಳ್ಳುತ್ತದೆ. ಆದರೆ ಆ ಗಾಳಿಯ ತೂಕ ಬೇರೆ. ಫ್ಯಾನ್ ಹುಟ್ಟಿಸುವ ಸೆಳೆತ, ಮೋಟಾರಿನ ಮೇಲಿನ ಹೊರೆ ಎರಡೂ ಸಾಂದ್ರತೆಯೊಂದಿಗೆ ಏರಿಳಿಯುತ್ತವೆ. ಬೆಳಿಗ್ಗೆ 12 ಡಿಗ್ರಿಯಲ್ಲಿ 100 ಮಿಲಿ ಮೀಟರ್ ನೀರಿನ ಸೆಳೆತ ಇದ್ದ ಕಡೆ 42 ಡಿಗ್ರಿಯಲ್ಲಿ 90 ಇದ್ದರೆ ಅದು ದೋಷವಲ್ಲ. ಹೊಟ್ಟನ್ನು ತೇಲಿಸಲು ಬೇಕಾದ ಗಾಳಿಯ ವೇಗವೂ ಬಿಸಿಲಿನಲ್ಲಿ ಸುಮಾರು ಶೇ 5ರಷ್ಟು ಹೆಚ್ಚುತ್ತದೆ. ಆದ್ದರಿಂದ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಡ್ಯಾಂಪರ್ ಒಂದೇ ಕಡೆ ಇಟ್ಟರೆ ಮಧ್ಯಾಹ್ನ ಬೇಳೆಯಲ್ಲಿ ಹೊಟ್ಟು ಉಳಿಯುತ್ತದೆ, ಚಳಿಯ ಬೆಳಗಿನಲ್ಲಿ ನುಚ್ಚು ಹೊಟ್ಟಿನ ಜೊತೆ ಹಾರಿ ಚುನ್ನಿಗೆ, ಎಂದರೆ ದನದ ಮೇವಿಗೆ ಹೋಗುವ ಹೊಟ್ಟು-ಪುಡಿಗೆ, ಸೇರುತ್ತದೆ. ಎರಡನೆಯದು ಮಾಲೀಕರಿಗೆ ಕಾಣದ ನಷ್ಟ, ಬೇಳೆ ನೋಡಲು ಚೆನ್ನಾಗಿಯೇ ಇರುತ್ತದೆ. ಬೆಳಗಿನ ಹೊಟ್ಟನ್ನು ಒಂದು ಬೊಗಸೆ ತೆಗೆದು ಕಾಗದದ ಮೇಲೆ ಹರಡಿ ನೋಡಿದರೆ ಹಳದಿ ಚೂರುಗಳು ಲೆಕ್ಕ ಹೇಳುತ್ತವೆ.

ಸೆಳೆತ ಅಳೆಯಲು ಪಾರದರ್ಶಕ ಕೊಳವೆಯನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ಬಾಯಿಯನ್ನು ಡಕ್ಟ್‌ನ ಗೋಡೆಯಲ್ಲಿ ಕೊರೆದ ಸಣ್ಣ ತೂತಿಗೆ ಸೇರಿಸಿ. ಕೊಳವೆ ಗೋಡೆಯ ಮಟ್ಟಕ್ಕಿರಬೇಕು, ಒಳಗೆ ಚಾಚಿಕೊಂಡಿರಬಾರದು. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಸೆಳೆತ. ಫ್ಯಾನಿನ ಬಳಿ ಒಂದು ತೂತು, ರೋಲರಿನ ಮೇಲಿನ ಹುಡ್ ಬಳಿ ಇನ್ನೊಂದು ಸಾಕು. ಅಳೆದಾದ ಮೇಲೆ ಟೇಪ್ ಹಚ್ಚಿ ಮುಚ್ಚಿ.

ಸೆಳೆತದ ಇಳಿಕೆ ಆ ಶೇ 10ಕ್ಕಿಂತ ಹೆಚ್ಚಿದ್ದರೆ ಆಗ ನಿಜವಾದ ದೋಷ ಹುಡುಕಿ. ಮೊದಲು ಬೆಲ್ಟ್ ಸಡಿಲ. ಆಮೇಲೆ ತಿರುಗುವ ದಿಕ್ಕು. ಮೋಟಾರ್ ರಿವೈಂಡಿಂಗಿಗೆ ಹೋಗಿ ಬಂದಿದ್ದರೆ ಇದನ್ನು ಬಿಡಲೇಬಾರದು. ಸೆಂಟ್ರಿಫ್ಯೂಗಲ್ ಫ್ಯಾನ್ ಉಲ್ಟಾ ತಿರುಗಿದರೂ ಗಾಳಿಯನ್ನು ಅದೇ ಕಡೆಗೆ ತಳ್ಳುತ್ತದೆ, ಕಡಿಮೆ ತಳ್ಳುತ್ತದೆ ಅಷ್ಟೆ. ‘ಗಾಳಿ ಬರುತ್ತಿದೆಯಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಈಗ ಕ್ಲ್ಯಾಂಪ್ ಮೀಟರ್ ಮತ್ತು ಯು-ಕೊಳವೆಯನ್ನು ಒಟ್ಟಿಗೆ ಓದಿ. ಫ್ಯಾನಿನ ಬಳಿ ಸೆಳೆತ ಏರಿ, ಹುಡ್ ಬಳಿ ಇಳಿದು, ಆಂಪಿಯರ್ ಕೂಡ ಇಳಿದಿದ್ದರೆ ನಡುವೆ ಡಕ್ಟ್ ಕಟ್ಟಿದೆ. ಎರಡೂ ಕಡೆ ಸೆಳೆತ ಇಳಿದು ಆಂಪಿಯರ್ ಏರಿದ್ದರೆ ಎಲ್ಲೋ ಹೊರಗಿನ ಗಾಳಿ ಸೋರಿ ಒಳಬರುತ್ತಿದೆ. ಕಟ್ಟಿಕೊಂಡರೆ ಮೋಟಾರಿಗೆ ಹೊರೆ ಹೆಚ್ಚು ಎಂದು ಬಹಳ ಜನ ನಂಬಿದ್ದಾರೆ. ಇಂಥ ಫ್ಯಾನಿನಲ್ಲಿ ಹಾಗಲ್ಲ. ಹೊರೆ ಗಾಳಿಯ ಹರಿವಿನದು, ಹರಿವು ನಿಂತರೆ ಮೋಟಾರ್ ಹಗುರ. ಸೆಳೆತವೂ ಆಂಪಿಯರೂ ಒಟ್ಟಿಗೆ ಸ್ವಲ್ಪ ಸ್ವಲ್ಪ ಇಳಿದು, ಸಂಜೆ ತಂಪಾದ ಮೇಲೆ ಒಟ್ಟಿಗೆ ಏರಿದರೆ ಅದು ಬಿಸಿಲು ಮಾತ್ರ.

ಡಕ್ಟ್ ಕಟ್ಟಿದ್ದರೆ ತೆಗೆದ ಕಸವನ್ನು ಬೆರಳಿನಲ್ಲಿ ಉಜ್ಜಿ ನೋಡಿ. ಒಣ ಹೊಟ್ಟು ಉದುರುತ್ತದೆ. ಮುದ್ದೆಯಾಗಿ ಬೆರಳಿಗೆ ಜಿಡ್ಡು ಹತ್ತಿದರೆ ಕೆಲವು ದಿನಗಳ ಹಿಂದಿನ ಯಾವುದೋ ಮಧ್ಯಾಹ್ನ ನಲ್ಲಿಯಿಂದ ಎಣ್ಣೆ ಅತಿಯಾಗಿ ಬಿದ್ದಿದೆ ಎಂದೇ ಅರ್ಥ. ಅದು ಸಿಪ್ಪೆಗೆ ಹತ್ತಿ, ಗಾಳಿಯನ್ನು ಸುತ್ತಿಸಿ ಹೊಟ್ಟು ಬೇರ್ಪಡಿಸುವ ಸೈಕ್ಲೋನಿನ ಗೋಡೆಗೆ, ಡಕ್ಟಿನ ತಿರುವುಗಳಿಗೆ ಅಂಟಿದೆ. ಡಕ್ಟ್ ಎಷ್ಟು ಸಲ ಬಡಿದು ಬಿಡಿಸಿದರೂ ನಲ್ಲಿ ಸರಿಯಾಗುವವರೆಗೆ ಮತ್ತೆ ಕಟ್ಟುತ್ತದೆ. ಎಣ್ಣೆಯಿಂದ ಆರಂಭಿಸಿ ಎಂದದ್ದು ಇದಕ್ಕೇ.

ಸೈಕ್ಲೋನಿನ ಮೇಲ್ಬಾಯಿಂದ ಹೊಟ್ಟು ಹಾರುತ್ತಿದ್ದರೆ, ಅದೂ ಬೆಳಿಗ್ಗೆ ಮಧ್ಯಾಹ್ನ ಎನ್ನದೆ ಒಂದೇ ಸಮನೆ, ಹೊಟ್ಟನ್ನು ಕೆಳಗೆ ಬಿಟ್ಟು ಗಾಳಿಯನ್ನು ತಡೆಯುವ ಏರ್‌ಲಾಕ್‌ನ ರಬ್ಬರ್ ಪಟ್ಟಿ ಸವೆದಿದೆ. ನುಣ್ಣನೆಯ ಧೂಳು ಮಾತ್ರ ಬೇಸಿಗೆಯಲ್ಲಿ ತುಸು ಹೆಚ್ಚು ತಪ್ಪಿಸಿಕೊಳ್ಳುವುದು ಸಹಜ, ಬಿಸಿಗಾಳಿಯ ಹೆಚ್ಚಿದ ಸ್ನಿಗ್ಧತೆ ಕಣಗಳನ್ನು ಗೋಡೆಯ ಕಡೆ ಸರಿಯಲು ಬಿಡುವುದಿಲ್ಲ. ಬ್ಯಾಗ್ ಫಿಲ್ಟರ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸವೂ ಇದೇ ಕಾರಣಕ್ಕೆ ಮಧ್ಯಾಹ್ನ ಸ್ವಲ್ಪ ಹೆಚ್ಚಿರುತ್ತದೆ. ಬೆಳಿಗ್ಗೆಯೇ ಬಹಳ ಹೆಚ್ಚಿದ್ದರೆ ಇಬ್ಬನಿಯ ತೇವಕ್ಕೆ ಧೂಳು ಚೀಲದ ಮೇಲೆ ಹೆಪ್ಪುಗಟ್ಟಿದೆ ಎಂದು ತಿಳಿಯಿರಿ.

ಬೀದರಿಗೆ ಕಲಬುರಗಿಯ ಬ್ಲೋವರನ್ನೇ ಒಯ್ದು ಕೂರಿಸುವವರಿಗೆ ಒಂದು ಮಾತು. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್, ಬೀದರ ಸುಮಾರು 700 ಮೀಟರ್ ಎತ್ತರದಲ್ಲಿವೆ. ಒಂದೇ ತಾಪಮಾನದಲ್ಲಿಯೂ ಬೀದರಿನ ಗಾಳಿ ಶೇ 3ರಷ್ಟು ಹಗುರ. ಅಲ್ಲಿಯ ಅಳತೆಯನ್ನು ಇಲ್ಲಿಯದಕ್ಕೆ ಹೋಲಿಸುವಾಗ ಅಷ್ಟನ್ನು ಬಿಟ್ಟುಕೊಡಬೇಕು.

ಕಲರ್ ಸಾರ್ಟರ್‌ನ ಗಾಳಿ

ಬಣ್ಣ ಕೆಟ್ಟ ಕಾಳನ್ನು ಊದಿ ತಳ್ಳುವ ಸಣ್ಣ ವಾಲ್ವ್‌ಗಳು ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ತೆರೆದು ಮುಚ್ಚುತ್ತವೆ. ಅವುಗಳಿಗೆ ಸ್ಥಿರ ಒತ್ತಡದ ಒಣ ಗಾಳಿ ಬೇಕು. ಬೇಸಿಗೆಯ ಮಧ್ಯಾಹ್ನ ಮಾತ್ರ ಒತ್ತಡ ಬೀಳುತ್ತಿದ್ದರೆ ಕಂಪ್ರೆಸರ್ ತಗಡಿನ ಶೆಡ್ಡಿನ ಬಿಸಿಗಾಳಿಯನ್ನು ಎಳೆದುಕೊಳ್ಳುತ್ತಿದೆಯೇ ನೋಡಿ. ಎಳೆದುಕೊಳ್ಳುವ ಗಾಳಿ 30 ಡಿಗ್ರಿ ಹೆಚ್ಚು ಬಿಸಿಯಾದರೆ ಹತ್ತರಲ್ಲಿ ಒಂದು ಪಾಲು ಗಾಳಿ ಕಡಿಮೆ ಸಿಗುತ್ತದೆ. ಇನ್‌ಟೇಕ್ ಪೈಪನ್ನು ಉತ್ತರದ ಗೋಡೆಯ ನೆರಳಿಗೆ ಹೊರಳಿಸಿದರೆ ಬಹುಪಾಲು ಮುಗಿಯಿತು. ಮಳೆಗಾಲದಲ್ಲಿ ವಾಲ್ವ್ ತಪ್ಪುತ್ತಿದ್ದರೆ ನೀರು. ಗಾಳಿ ಹತ್ತು ಡಿಗ್ರಿ ಬಿಸಿಯಾದಾಗ ಅದು ಹೊರಬಲ್ಲ ತೇವ ಎರಡರಷ್ಟರ ಹತ್ತಿರವಾಗುತ್ತದೆ, ತಣಿದಾಗ ಅದೆಲ್ಲ ಪೈಪಿನಲ್ಲಿ ಇಳಿಯುತ್ತದೆ. ಟ್ಯಾಂಕಿನ ಡ್ರೇನ್ ದಿನಾ ತೆರೆಯಿರಿ, ಡ್ರೈಯರ್ ಓಡುತ್ತಿದೆಯೇ ನೋಡಿ. ಚಳಿಯ ಬೆಳಿಗ್ಗೆ ಮೊದಲ ಅರ್ಧ ಗಂಟೆ ಮಾತ್ರ ವಾಲ್ವ್‌ಗಳು ಅಂಟಿದಂತೆ ವರ್ತಿಸಿದರೆ ಕಂಪ್ರೆಸರಿನಿಂದ ಹಾರಿಬಂದ ಎಣ್ಣೆ ವಾಲ್ವ್‌ನಲ್ಲಿ ಕೂತು ದಪ್ಪವಾಗಿದೆ. ಎಣ್ಣೆ ತಡೆಯುವ ಫಿಲ್ಟರಿನ ಒಳಗಿನ ಎಲಿಮೆಂಟ್ ಬದಲಿಸಿ, ವಾಲ್ವ್‌ಗಳನ್ನು ತಯಾರಕರು ಹೇಳಿದ ದ್ರಾವಣದಲ್ಲಿ ಮಾತ್ರ ತೊಳೆಯಿರಿ. ಡೀಸೆಲ್‌ನಲ್ಲಿ ಅದ್ದಿದರೆ ಒಳಗಿನ ರಬ್ಬರ್ ಉಬ್ಬಿಕೊಳ್ಳುತ್ತದೆ, ಆಮೇಲೆ ಹೊಸ ವಾಲ್ವ್ ತರಿಸಬೇಕಾಗುತ್ತದೆ.